ವಿದೇಶ ನಿಯೋಜನೆಯ ಮೇಲೆ ಅಮೆರಿಕ ಸರ್ಕಾರಿ ನೌಕರರು: ಕುಟುಂಬದವರ ಗ್ರೀನ್ ಕಾರ್ಡ್ ಉಳಿಯುವುದು ಹೇಗೆ?

ಅಮೆರಿಕ ಸರ್ಕಾರ ತನ್ನ ನೌಕರನೊಬ್ಬನನ್ನು ಮೂರು ವರ್ಷಗಳ ಅವಧಿಗೆ ರೋಮ್‌ಗೋ ನೈರೋಬಿಗೋ ಕಳುಹಿಸುತ್ತದೆ. ವಿಮಾನದ ಟಿಕೆಟ್ ಸರ್ಕಾರದ್ದು, ಅಲ್ಲಿನ ವಸತಿಯ ವೆಚ್ಚವೂ ಸರ್ಕಾರದ್ದು. ನಿಯೋಜನೆಯ ಆದೇಶದಲ್ಲಿ ಪತ್ನಿ ಮತ್ತು ಮಕ್ಕಳ ಹೆಸರೂ ಇರುತ್ತದೆ. ಆದರೆ ಆ ಪತ್ನಿ ಭಾರತೀಯ ಪ್ರಜೆಯಾಗಿದ್ದು ಆಕೆಯ ಬಳಿ ಇರುವುದು ಗ್ರೀನ್ ಕಾರ್ಡ್ ಮಾತ್ರ ಎಂದಾದರೆ, ಮೂರು ವರ್ಷಗಳ ಬಳಿಕ ಅಮೆರಿಕದ ವಿಮಾನ ನಿಲ್ದಾಣದಲ್ಲಿ ಇಳಿದಾಗ ಆಕೆ ಒಂದು ವಿಚಿತ್ರ ಪ್ರಶ್ನೆಗೆ ಉತ್ತರಿಸಬೇಕಾಗಬಹುದು: ಇಷ್ಟು ಕಾಲ ಹೊರಗಿದ್ದ ನೀವು ಈ ದೇಶದ ಕಾಯಂ ನಿವಾಸಿಯಾಗಿ ಉಳಿದಿದ್ದೀರಾ? ಒಂದು ಇಲಾಖೆಯ ಆದೇಶದ ಮೇರೆಗೆ ದೇಶ ಬಿಟ್ಟವರು ಅದೇ ಸರ್ಕಾರದ ಇನ್ನೊಂದು ಇಲಾಖೆಯ ಮುಂದೆ ತಾವು ದೇಶ ತೊರೆದಿಲ್ಲ ಎಂದು ವಿವರಿಸಬೇಕಾದ ಸ್ಥಿತಿ ಇದು.

ಅಮೆರಿಕದ ವಿದೇಶಾಂಗ ಸೇವೆ, ಸೇನೆ ಹಾಗೂ ಇತರ ಸರ್ಕಾರಿ ಇಲಾಖೆಗಳಲ್ಲಿ ಭಾರತೀಯ ಮೂಲದವರು ಇಂದು ಅಪರೂಪವಲ್ಲ. ಅವರನ್ನು ಮದುವೆಯಾಗಿ ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಹೋದವರಿಗೆ ಮತ್ತು ಮಗ ಅಥವಾ ಮಗಳ ಪ್ರಾಯೋಜಕತ್ವದಲ್ಲಿ ಗ್ರೀನ್ ಕಾರ್ಡ್ ಪಡೆದ ತಂದೆ ತಾಯಿಗಳಿಗೆ ಈ ವಿಷಯ ನೇರವಾಗಿ ಸಂಬಂಧಿಸಿದ್ದು. ಸರ್ಕಾರಿ ನೌಕರರ ಕುಟುಂಬಗಳಿಗೆ ಅಮೆರಿಕದ ಕಾನೂನು ಕೆಲವು ರಕ್ಷಣೆಗಳನ್ನು ನೀಡಿದೆ. ಆದರೆ ಅವೆಲ್ಲ ಒಂದೇ ಬಲದವಲ್ಲ. ಸೈನಿಕನ ಪತ್ನಿಗೆ ಇರುವ ರಕ್ಷಣೆ ರಾಜತಾಂತ್ರಿಕನ ಪತ್ನಿಗೆ ಇಲ್ಲ; ಪತ್ನಿಗೆ ಇರುವುದು ತಾಯಿಗೆ ಇಲ್ಲ; ಸರ್ಕಾರಿ ನೌಕರನ ಕುಟುಂಬಕ್ಕೆ ಇರುವುದು ಗುತ್ತಿಗೆ ಕಂಪನಿಯ ನೌಕರನ ಕುಟುಂಬಕ್ಕೆ ಇಲ್ಲ.

ಕಾರ್ಡ್ ಬೇರೆ, ಸ್ಥಾನಮಾನ ಬೇರೆ

ಗ್ರೀನ್ ಕಾರ್ಡ್ ಎಂಬುದು ಕಾಯಂ ನಿವಾಸದ ಸ್ಥಾನಮಾನಕ್ಕೆ ಸಾಕ್ಷಿಯೇ ಹೊರತು ಅದೇ ಸ್ಥಾನಮಾನವಲ್ಲ. ಸಾಮಾನ್ಯವಾಗಿ 10 ವರ್ಷಗಳಿಗೆ ನೀಡುವ ಕಾರ್ಡಿನ ಅವಧಿ ಮುಗಿದರೆ ಸ್ಥಾನಮಾನ ಹೋಗುವುದಿಲ್ಲ, ಕಾರ್ಡನ್ನು ನವೀಕರಿಸಿಕೊಳ್ಳಬೇಕು ಅಷ್ಟೆ. ಇದಕ್ಕೆ ತಿರುಗಾಮುರುಗಾ ಸಂಗತಿಯೂ ನಿಜ. ಕಾರ್ಡಿನ ಮೇಲೆ ಇನ್ನೂ ಎಂಟು ವರ್ಷಗಳ ಅವಧಿ ಇದ್ದರೂ, ಅದನ್ನು ಹೊಂದಿದವರು ಅಮೆರಿಕದ ನಿವಾಸವನ್ನು ಬಿಟ್ಟುಕೊಟ್ಟಿದ್ದಾರೆ ಎಂದು ತೀರ್ಮಾನವಾದರೆ ಸ್ಥಾನಮಾನ ಕಳೆದುಹೋಗುತ್ತದೆ. ವರ್ಷಕ್ಕೊಮ್ಮೆ ಅಮೆರಿಕದ ನೆಲ ಮುಟ್ಟಿ ಬಂದರೆ ಸಾಕು ಎಂಬ ನಂಬಿಕೆ ನಮ್ಮವರಲ್ಲಿ ವ್ಯಾಪಕವಾಗಿದೆ. ಅದು ಅರ್ಧ ಸತ್ಯ.

ಸಾಮಾನ್ಯ ನಿಯಮ ಹೀಗಿದೆ. ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ತಾತ್ಕಾಲಿಕ ಗೈರುಹಾಜರಿಯ ಬಳಿಕ ಚಾಲ್ತಿಯಲ್ಲಿರುವ ಗ್ರೀನ್ ಕಾರ್ಡ್ ತೋರಿಸಿ ಒಳಬರಬಹುದು. ಸತತ 180 ದಿನಗಳಿಗಿಂತ ಹೆಚ್ಚು ಹೊರಗಿದ್ದವರನ್ನು ಹೊಸದಾಗಿ ಪ್ರವೇಶ ಕೋರುವವರಂತೆ ಪರಿಗಣಿಸಿ ಹೆಚ್ಚಿನ ವಿಚಾರಣೆಗೆ ಒಳಪಡಿಸಬಹುದು. ಒಂದು ವರ್ಷ ದಾಟಿದರೆ ಕಾರ್ಡ್ ಒಂದೇ ಸಾಕಾಗುವುದಿಲ್ಲ. ಆದರೆ ಇಲ್ಲೆಲ್ಲ ದಿನಗಳ ಲೆಕ್ಕಕ್ಕಿಂತ ಮುಖ್ಯವಾದದ್ದು ಉದ್ದೇಶ. ಹೊರಹೋದದ್ದು ತಾತ್ಕಾಲಿಕವಾಗಿಯೇ, ಹಿಂದಿರುಗುವ ದಿನಕ್ಕೆ ಒಂದು ನಿಶ್ಚಿತ ಕಾರಣವಿತ್ತೇ, ಅಮೆರಿಕದಲ್ಲಿ ಮನೆ, ಬ್ಯಾಂಕ್ ಖಾತೆ, ತೆರಿಗೆ ಪಾವತಿ ಮುಂತಾದ ನಂಟುಗಳು ಉಳಿದಿದ್ದವೇ ಎಂಬುದನ್ನೆಲ್ಲ ಒಟ್ಟಾಗಿ ನೋಡಲಾಗುತ್ತದೆ.

ಈ ಸಂಬಂಧ ಅಮೆರಿಕದ ವಲಸೆ ಮೇಲ್ಮನವಿ ಮಂಡಳಿ 1988ರಲ್ಲಿ ನೀಡಿದ ತೀರ್ಪೊಂದು ಈಗಲೂ ಮಾರ್ಗದರ್ಶಿಯಾಗಿದೆ. ಗ್ರೀನ್ ಕಾರ್ಡ್ ಹೊಂದಿದ್ದ ಮಹಿಳೆಯೊಬ್ಬರು ಪತಿಯೊಂದಿಗೆ ಜಪಾನಿನಲ್ಲಿ ನೆಲೆಸಿದ್ದರು. ಮರುಪ್ರವೇಶ ಪರವಾನಗಿಯನ್ನೂ ಪಡೆದಿದ್ದರು, ನಡುನಡುವೆ ಅಮೆರಿಕಕ್ಕೆ ಬಂದು ಹೋಗುತ್ತಿದ್ದರು. ಆದರೂ ಆಕೆ ಸ್ಥಾನಮಾನವನ್ನು ತೊರೆದಿದ್ದಾರೆ ಎಂದೇ ಮಂಡಳಿ ತೀರ್ಮಾನಿಸಿತು. ಎಂದಾದರೊಂದು ದಿನ ಮರಳುತ್ತೇನೆ ಎಂಬ ಆಸೆ ಸಾಲದು, ಅಲ್ಪಕಾಲದಲ್ಲಿ ಮರಳುವ ಇರಾದೆ ನಿರಂತರವಾಗಿ ಇರಬೇಕು ಎಂಬುದು ಅದರ ಸಾರ. ಪತಿಯ ಉದ್ಯೋಗಕ್ಕಾಗಿ ಹೊರಗಿದ್ದೆ ಎಂಬ ಒಂದೇ ಕಾರಣ ತಾನಾಗಿ ರಕ್ಷಣೆ ಕೊಡುವುದಿಲ್ಲ ಎಂಬುದಕ್ಕೆ ಈ ಪ್ರಕರಣ ನಿದರ್ಶನ.

ಮರುಪ್ರವೇಶ ಪರವಾನಗಿ

ದೀರ್ಘಕಾಲ ಹೊರಗಿರಬೇಕಾದ ಯಾವುದೇ ಕಾಯಂ ನಿವಾಸಿ ಮೊದಲು ಪಡೆಯಬೇಕಾದ ಕಾಗದವೆಂದರೆ ಮರುಪ್ರವೇಶ ಪರವಾನಗಿ. ಇದಕ್ಕೆ ಐ-131 ಎಂಬ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು. ನೋಡಲು ಪಾಸ್‌ಪೋರ್ಟಿನಂತೆಯೇ ಇರುವ ಈ ಪುಸ್ತಕದ ಅವಧಿ ಸಾಮಾನ್ಯವಾಗಿ ಎರಡು ವರ್ಷ. ಅದನ್ನು ವಿಸ್ತರಿಸಲು ಬರುವುದಿಲ್ಲ, ಬೇಕಾದರೆ ಹೊಸದಕ್ಕೆ ಅರ್ಜಿ ಹಾಕಬೇಕು. ಅರ್ಜಿ ಸಲ್ಲಿಸುವಾಗ ಅರ್ಜಿದಾರರು ಅಮೆರಿಕದ ನೆಲದಲ್ಲಿಯೇ ಇರಬೇಕು ಎಂಬುದು ಬಹಳ ಮಂದಿ ಎಡವುವ ಜಾಗ. ಗಂಡ ಹೊಸ ಊರಿಗೆ ಹೋಗಿ ಕೆಲಸಕ್ಕೆ ಹಾಜರಾದ ಮೇಲೆ, ಸಾಮಾನು ಸರಂಜಾಮು ತಲುಪಿದ ಮೇಲೆ ಇದರ ನೆನಪಾದರೆ ಪ್ರಯೋಜನವಿಲ್ಲ. ಅರ್ಜಿ ಹಾಕಿ ಬೆರಳಚ್ಚು ನೀಡಿದ ಬಳಿಕ ಹೊರಡಬಹುದು. ಪರವಾನಗಿಯನ್ನು ವಿದೇಶದಲ್ಲಿರುವ ಅಮೆರಿಕದ ರಾಯಭಾರ ಕಚೇರಿಗೆ ಕಳುಹಿಸುವಂತೆ ಕೋರಲೂ ಅವಕಾಶವಿದೆ.

ಪರವಾನಗಿ ಚಾಲ್ತಿಯಲ್ಲಿರುವಷ್ಟು ಕಾಲ, ಗೈರುಹಾಜರಿಯ ಅವಧಿ ದೀರ್ಘವಾಯಿತು ಎಂಬ ಒಂದೇ ಕಾರಣಕ್ಕೆ ಸ್ಥಾನಮಾನ ತೊರೆದಂತೆ ಭಾವಿಸಲಾಗುವುದಿಲ್ಲ. ಉಳಿದ ಕಾರಣಗಳ ಪರಿಶೀಲನೆಗೆ ಅಡ್ಡಿಯಿಲ್ಲ. ಕಾಯಂ ನಿವಾಸಿಯಾದ ನಂತರ ಕಳೆದ ಐದು ವರ್ಷಗಳಲ್ಲಿ ಒಟ್ಟು ನಾಲ್ಕು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದವರಿಗೆ ಪರವಾನಗಿಯನ್ನು ಒಂದು ವರ್ಷಕ್ಕೆ ಮಾತ್ರ ಸೀಮಿತಗೊಳಿಸಲಾಗುತ್ತದೆ. ಅಮೆರಿಕ ಸರ್ಕಾರದ ಆದೇಶದ ಮೇರೆಗೆ ಪ್ರಯಾಣಿಸುವವರಿಗೆ ಈ ಮಿತಿ ಅನ್ವಯಿಸದು. ಅಮೆರಿಕ ಸದಸ್ಯನಾಗಿರುವ ಅಂತರರಾಷ್ಟ್ರೀಯ ಸಂಸ್ಥೆಗಳ ನೌಕರರಿಗೂ, ವೃತ್ತಿಪರ ಕ್ರೀಡಾಪಟುಗಳಿಗೂ ಇದೇ ವಿನಾಯಿತಿ ಇದೆ.

ಅವಧಿ ಮುಗಿದ ಕಾರ್ಡಿಗೂ ಮಾನ್ಯತೆ

ಸರ್ಕಾರಿ ನೌಕರರ ಕುಟುಂಬಗಳಿಗೇ ಮೀಸಲಾದ ನಿಯಮವೊಂದು ಅಮೆರಿಕದ ಫೆಡರಲ್ ನಿಯಮಾವಳಿಯ 8ನೇ ಶೀರ್ಷಿಕೆಯಲ್ಲಿದೆ. ಅದರಂತೆ, ಅಧಿಕೃತ ಆದೇಶದ ಮೇಲೆ ಹೊರದೇಶದಲ್ಲಿದ್ದ ಸರ್ಕಾರದ ನಾಗರಿಕ ಅಥವಾ ಸೇನಾ ನೌಕರರು ಹಿಂದಿರುಗುವಾಗ ತಮ್ಮ ಗ್ರೀನ್ ಕಾರ್ಡನ್ನು, ಅದರ ಅವಧಿ ಮುಗಿದಿರಲಿ ಬಿಡಲಿ, ಪ್ರವೇಶಪತ್ರವಾಗಿ ಬಳಸಬಹುದು. ನೌಕರನು ವಿದೇಶ ಸೇವೆಯಲ್ಲಿದ್ದಾಗ ಹೊರಗೆ ವಾಸವಾಗಿದ್ದ ಪತಿ ಅಥವಾ ಪತ್ನಿ ಮತ್ತು ಮಕ್ಕಳಿಗೂ ಇದೇ ಅನುಕೂಲವಿದೆ. ಒಂದು ವರ್ಷದ ಮಿತಿ ಇಲ್ಲಿ ಅಡ್ಡಬರುವುದಿಲ್ಲ. ಷರತ್ತು ಒಂದೇ: ಕುಟುಂಬದವರು ಹಿಂದಿರುಗುವ ನೌಕರನಿಗಿಂತ ಮೊದಲು, ಇಲ್ಲವೇ ಆತನ ಜತೆಗೆ, ಇಲ್ಲವೇ ಆತ ಮರಳಿದ ನಾಲ್ಕು ತಿಂಗಳ ಒಳಗೆ ಬರಬೇಕು.

ಈ ನಾಲ್ಕು ತಿಂಗಳ ಗಡುವು ಕಾಗದದ ಮೇಲೆ ಧಾರಾಳವಾಗಿ ಕಾಣುತ್ತದೆ. ಬದುಕಿನಲ್ಲಿ ಹಾಗಿಲ್ಲ. ನಿಯೋಜನೆ ಮುಗಿದು ಪತಿ ವಾಷಿಂಗ್ಟನ್ನಿಗೆ ಮರಳುತ್ತಾನೆ. ಮಕ್ಕಳ ಶಾಲಾ ವರ್ಷ ಮುಗಿಯಲಿ ಎಂದು ಪತ್ನಿ ಅಲ್ಲಿಯೇ ಉಳಿಯುತ್ತಾಳೆ, ಅಲ್ಲಿಂದ ಅನಾರೋಗ್ಯದ ತಾಯಿಯನ್ನು ನೋಡಲು ಧಾರವಾಡಕ್ಕೆ ಬರುತ್ತಾಳೆ, ಆರು ತಿಂಗಳು ಕಳೆಯುತ್ತದೆ. ಅಷ್ಟರಲ್ಲಿ ವಿಶೇಷ ನಿಯಮದ ಬಾಗಿಲು ಮುಚ್ಚಿರುತ್ತದೆ. ಆಕೆ ಸಾಮಾನ್ಯ ಕಾಯಂ ನಿವಾಸಿಯಂತೆಯೇ ಪರಿಗಣಿತಳಾಗುತ್ತಾಳೆ, ಮೂರೂವರೆ ವರ್ಷ ಹೊರಗಿದ್ದ ಕಾಯಂ ನಿವಾಸಿಯಂತೆ. ಅದೇ ರೀತಿ, ನಿಯೋಜನೆಯ ನಡುವೆ ಆಕೆಯೊಬ್ಬಳೇ ಅಮೆರಿಕಕ್ಕೆ ಬಂದು ಹೋಗುವ ಪ್ರಯಾಣಕ್ಕೂ ನಿಯಮದ ಮಾತುಗಳು ಸಲೀಸಾಗಿ ಹೊಂದುವುದಿಲ್ಲ, ಏಕೆಂದರೆ ಅವು ಹೇಳುವುದು ಹಿಂದಿರುಗುತ್ತಿರುವ ನೌಕರನ ಕುಟುಂಬದ ಬಗ್ಗೆ. ಆದ್ದರಿಂದ ಈ ನಿಯಮವಿದೆ ಎಂದು ಮರುಪ್ರವೇಶ ಪರವಾನಗಿಯನ್ನು ಬಿಡುವುದು ಜಾಣತನವಲ್ಲ.

ಇದು ಪ್ರವೇಶದ ವೇಳೆ ತೋರಿಸಬೇಕಾದ ದಾಖಲೆಗಳ ಕುರಿತ ನಿಯಮ ಎಂಬುದೂ ಗಮನಾರ್ಹ. ಸ್ಥಾನಮಾನ ಉಳಿದಿದೆಯೇ ಎಂಬ ಮೂಲ ಪ್ರಶ್ನೆಯನ್ನು ಅದು ಇತ್ಯರ್ಥಗೊಳಿಸುವುದಿಲ್ಲ. ಸರ್ಕಾರಿ ಆದೇಶ ಕೈಯಲ್ಲಿದ್ದರೆ ಆ ಪ್ರಶ್ನೆಗೆ ಉತ್ತರಿಸುವುದು ಬಹಳ ಸುಲಭವಾಗುತ್ತದೆ, ಅಷ್ಟೆ. ಆದೇಶದ ಪ್ರತಿ ಇಲ್ಲದೆ ಪ್ರಯಾಣಿಸಿದರೆ ತೊಂದರೆ ಅಮೆರಿಕದ ನೆಲ ತಲುಪುವ ಮೊದಲೇ, ವಿಮಾನಯಾನ ಸಂಸ್ಥೆಯ ಕೌಂಟರಿನಲ್ಲಿಯೇ ಆರಂಭವಾಗಬಹುದು. ಅವಧಿ ಮುಗಿದ ಕಾರ್ಡ್ ಕಂಡೊಡನೆ ಹತ್ತಿಸಿಕೊಳ್ಳಲು ಹಿಂಜರಿಯುವ ಸಿಬ್ಬಂದಿಗೆ ಈ ವಿನಾಯಿತಿ ತಿಳಿದಿರಬೇಕೆಂದೇನೂ ಇಲ್ಲ. ಪತ್ನಿ ಮಕ್ಕಳ ಹೆಸರಿರುವ ಆದೇಶದ ಪ್ರತಿ, ರಾಯಭಾರ ಕಚೇರಿಯಿಂದ ಪಡೆದ ಪತ್ರ, ವಿವಾಹ ಪ್ರಮಾಣಪತ್ರ, ಇವು ಕೈಚೀಲದಲ್ಲಿ ಇರಬೇಕಾದ ಕಾಗದಗಳು. ಸಾಮಾನಿನ ಪೆಟ್ಟಿಗೆಯಲ್ಲಿಟ್ಟು ಮುಂದಕ್ಕೆ ಕಳುಹಿಸಿದರೆ ಇದ್ದೂ ಇಲ್ಲದಂತೆ.

ಇದೇ ನಿಯಮದ ಪಟ್ಟಿಯಲ್ಲಿ ಬೈರೂತ್‌ನ ಅಮೆರಿಕನ್ ವಿಶ್ವವಿದ್ಯಾಲಯದ ನೌಕರರಿಗೂ ಪ್ರತ್ಯೇಕ ವಿನಾಯಿತಿ ಇರುವುದು ಒಂದು ಸ್ವಾರಸ್ಯ. ಜಗತ್ತಿನಲ್ಲಿ ಅಮೆರಿಕದ ಹೆಸರು ಹೊತ್ತ ವಿದ್ಯಾಸಂಸ್ಥೆಗಳು ಹಲವಿದ್ದರೂ ಅಲ್ಲಿ ಹೆಸರಿಸಿರುವುದು ಅದೊಂದನ್ನೇ.

ಹೊರಗುಳಿಯುವವರು

ನಿಯಮದ ಭಾಷೆ ಪತಿ, ಪತ್ನಿ ಮತ್ತು ಮಕ್ಕಳಿಗೆ ಸೀಮಿತ. ವಲಸೆ ಕಾನೂನಿನಲ್ಲಿ ಮಗು ಎಂದರೆ 21 ವರ್ಷ ತುಂಬದ ಅವಿವಾಹಿತ ಮಗ ಅಥವಾ ಮಗಳು. ಕಾಲೇಜು ಮುಗಿಸಿ ತಂದೆ ತಾಯಿಯೊಂದಿಗೆ ವಿದೇಶದಲ್ಲಿರುವ 22ರ ಮಗಳು ಅದರೊಳಗೆ ಬರುವುದಿಲ್ಲ.

ಭಾರತೀಯ ಕುಟುಂಬಗಳ ಮಟ್ಟಿಗೆ ದೊಡ್ಡ ಕೊರತೆ ಹೆತ್ತವರದು. ಅಮೆರಿಕದ ಪ್ರಜೆಯಾದ ಮಗ ತಾಯಿಗೆ ಗ್ರೀನ್ ಕಾರ್ಡ್ ಮಾಡಿಸುತ್ತಾನೆ. ತಂದೆ ತೀರಿಕೊಂಡ ಮೇಲೆ ಆಕೆ ಮಗನ ಮನೆಯಲ್ಲಿಯೇ ಇರುತ್ತಾಳೆ. ಮಗನಿಗೆ ವಿದೇಶಕ್ಕೆ ನಿಯೋಜನೆಯಾದರೆ ಆಕೆಯೂ ಜತೆಗೆ ಹೋಗುತ್ತಾಳೆ. ನಮ್ಮ ಕಣ್ಣಿಗೆ ಇದಕ್ಕಿಂತ ಸಹಜವಾದ ಕುಟುಂಬ ಇನ್ನೊಂದಿಲ್ಲ. ಆದರೆ ಅವಧಿ ಮುಗಿದ ಕಾರ್ಡಿನ ವಿನಾಯಿತಿಯಾಗಲಿ, ಮುಂದೆ ಹೇಳುವ ಶೀಘ್ರ ಪೌರತ್ವವಾಗಲಿ ಆಕೆಗೆ ಅನ್ವಯಿಸುವುದಿಲ್ಲ. ಆಕೆಗೆ ಉಳಿಯುವುದು ಸಾಮಾನ್ಯ ದಾರಿ ಮಾತ್ರ: ಹೊರಡುವ ಮುನ್ನ ಮರುಪ್ರವೇಶ ಪರವಾನಗಿ, ಎರಡು ವರ್ಷ ತುಂಬುವ ಮೊದಲು ಅಮೆರಿಕಕ್ಕೆ ಪ್ರಯಾಣ, ಮತ್ತೆ ಅರ್ಜಿ. ಎಪ್ಪತ್ತರ ವಯಸ್ಸಿನಲ್ಲಿ ಬೆರಳಚ್ಚು ನೀಡುವುದಕ್ಕಾಗಿ ಖಂಡಾಂತರ ಪ್ರಯಾಣ ಮಾಡುವುದು ಕಷ್ಟವೆನಿಸಿದರೆ, ನಿಯೋಜನೆ ಒಪ್ಪಿಕೊಳ್ಳುವ ಮುನ್ನವೇ ಕುಟುಂಬ ಕುಳಿತು ಯೋಚಿಸಬೇಕಾದ ವಿಷಯ ಇದು.

ಸರ್ಕಾರದ ಕೆಲಸವನ್ನೇ ಮಾಡಿದರೂ ಸಂಬಳವನ್ನು ಖಾಸಗಿ ಗುತ್ತಿಗೆ ಕಂಪನಿಯಿಂದ ಪಡೆಯುವವರು ಸರ್ಕಾರದ ನೌಕರರಲ್ಲ. ವಿನಾಯಿತಿಯ ನಿಯಮ ಅವರನ್ನು ಹೆಸರಿಸುವುದಿಲ್ಲ. ವಿವಾಹ ವಿಚ್ಛೇದನವಾದರೆ ಪತ್ನಿ ಎಂಬ ನೆಲೆಯಲ್ಲಿ ದೊರೆಯುತ್ತಿದ್ದ ರಕ್ಷಣೆಯೂ ಅದರೊಂದಿಗೆ ಹೋಗುತ್ತದೆ. ವಿದೇಶದ ನಿಯೋಜನೆಯಲ್ಲಿ ದಾಂಪತ್ಯ ಮುರಿದುಬಿದ್ದ ಮಹಿಳೆಯ ಸ್ಥಿತಿ ಈ ಎಲ್ಲರಿಗಿಂತ ಇಕ್ಕಟ್ಟಿನದು, ಏಕೆಂದರೆ ಆಕೆ ಅಲ್ಲಿರುವುದಕ್ಕೆ ಇದ್ದ ಕಾರಣವೂ ಮರಳುವುದಕ್ಕೆ ಇದ್ದ ಸುಲಭ ದಾರಿಯೂ ಒಟ್ಟಿಗೇ ಇಲ್ಲವಾಗುತ್ತವೆ.

ಸೈನಿಕರ ಕುಟುಂಬಕ್ಕೆ ಗಟ್ಟಿ ರಕ್ಷಣೆ

ಸೇನೆಗೆ ಸೇರಿದವರ ಮಟ್ಟಿಗೆ ಅಮೆರಿಕದ ಸಂಸತ್ತು 2008ರಲ್ಲಿ ಬಹುಮುಖ್ಯ ತಿದ್ದುಪಡಿ ಮಾಡಿತು. ಆ ವರ್ಷದ ಜನವರಿ 28ರಂದು ಜಾರಿಗೆ ಬಂದ ರಕ್ಷಣಾ ಅನುಮೋದನೆ ಕಾಯ್ದೆಯ ಮೂಲಕ ವಲಸೆ ಮತ್ತು ರಾಷ್ಟ್ರೀಯತಾ ಕಾಯ್ದೆಯ 284ನೇ ಕಲಂಗೆ ಹೊಸ ಉಪಕಲಂ ಸೇರಿತು. ಸೈನಿಕನ ಅಧಿಕೃತ ಆದೇಶದಂತೆ ಆತನೊಂದಿಗೆ ವಿದೇಶದಲ್ಲಿರಲು ಅನುಮತಿ ಪಡೆದು, ವಾಸ್ತವವಾಗಿ ಆತನೊಂದಿಗೇ ವಾಸಿಸುವ ಪತ್ನಿ ಮತ್ತು ಮಕ್ಕಳು ಹೊರಗಿದ್ದ ಕಾಲವನ್ನು ಸ್ಥಾನಮಾನದ ಪರಿತ್ಯಾಗವೆಂದು ಪರಿಗಣಿಸಕೂಡದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಪ್ರವೇಶದ ದೃಷ್ಟಿಯಿಂದ ಅದು ಗೈರುಹಾಜರಿಯೇ ಅಲ್ಲ. ದಾಖಲೆಗಳ ನಿಯಮವಲ್ಲ ಇದು, ಸ್ಥಾನಮಾನವನ್ನೇ ಕಾಯುವ ಶಾಸನ.

ಅದೇ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಮೆರಿಕದ ಪ್ರಜೆಯಾದ ಸೈನಿಕನ ಪತ್ನಿ ಹೀಗೆ ಹೊರಗೆ ಕಳೆದ ಕಾಲವನ್ನು ಪೌರತ್ವಕ್ಕೆ ಬೇಕಾದ ಅಮೆರಿಕ ವಾಸದ ಅವಧಿಗೆ ಸೇರಿಸಿಕೊಳ್ಳಬಹುದು ಮತ್ತು ಪೌರತ್ವದ ಸಂದರ್ಶನ, ಪ್ರಮಾಣವಚನಗಳನ್ನು ವಿದೇಶದಲ್ಲಿಯೇ ಮುಗಿಸಬಹುದು.

ಆದರೆ ಸೈನಿಕನೊಂದಿಗೆ ವಾಸ ಎಂಬ ಮಾತನ್ನು ಅಕ್ಷರಶಃ ಓದಬೇಕು. ಪತಿ ಜರ್ಮನಿಯ ಸೇನಾನೆಲೆಯಲ್ಲಿದ್ದು, ಪತ್ನಿ ಹೆರಿಗೆಗೆಂದು ತವರಿಗೆ ಬಂದು ವರ್ಷಗಟ್ಟಲೆ ಮೈಸೂರಿನಲ್ಲಿಯೇ ಉಳಿದರೆ ಆ ಅವಧಿ ಈ ಕಲಮಿನ ನೆರಳಿನಲ್ಲಿಲ್ಲ. ಕುಟುಂಬವನ್ನು ಕರೆದೊಯ್ಯಲು ಅನುಮತಿಯಿಲ್ಲದ ಯುದ್ಧಭೂಮಿಯ ನಿಯೋಜನೆಗೂ ಇದೇ ಮಾತು. ಪತಿಯನ್ನು ಅಂಥ ಕಡೆಗೆ ಕಳುಹಿಸಿದಾಗ ಒಂಟಿಯಾಗುವ ಪತ್ನಿ ಊರಿಗೆ ಬರುವುದು ಸಹಜ. ಹಾಗೆ ಬರುವವರು ಸಾಮಾನ್ಯ ನಿಯಮದ ದಿನಗಳ ಲೆಕ್ಕವನ್ನು ಮರೆಯುವಂತಿಲ್ಲ.

ಶೀಘ್ರ ಪೌರತ್ವ: ಗೊತ್ತಿರಬೇಕಾದ 319(ಬಿ)

ನಾಗರಿಕ ಸೇವೆಯ ನೌಕರರ ಸಂಗಾತಿಗಳಿಗೆ 2008ರ ಶಾಸನದಂಥ ರಕ್ಷಣೆ ಇಲ್ಲದಿದ್ದರೂ ಅದಕ್ಕಿಂತ ಬಲವಾದ ಇನ್ನೊಂದು ದಾರಿ ಇದೆ. ಸ್ಥಾನಮಾನ ಕಾಯುವ ಚಿಂತೆಯನ್ನೇ ಅದು ನಿವಾರಿಸುತ್ತದೆ. 1952ರ ವಲಸೆ ಮತ್ತು ರಾಷ್ಟ್ರೀಯತಾ ಕಾಯ್ದೆಯ 319(ಬಿ) ಕಲಂ ಅದು.

ಸಾಮಾನ್ಯವಾಗಿ ಕಾಯಂ ನಿವಾಸಿಯೊಬ್ಬರು ಪೌರತ್ವ ಕೋರಲು ಐದು ವರ್ಷ ಕಾಯಬೇಕು, ಅದರಲ್ಲಿ 30 ತಿಂಗಳು ಅಮೆರಿಕದ ನೆಲದಲ್ಲಿ ಇದ್ದಿರಬೇಕು. ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಜತೆಯಲ್ಲಿ ಬಾಳುತ್ತಿರುವವರಿಗೆ ಇದು ಮೂರು ವರ್ಷ ಮತ್ತು 18 ತಿಂಗಳು. ಸತತವಾಗಿ ಒಂದು ವರ್ಷ ಹೊರಗಿದ್ದರೆ ಈ ಲೆಕ್ಕ ಮುರಿಯುತ್ತದೆ. ಗಮನಿಸಬೇಕಾದ ಅಂಶವೆಂದರೆ ಮರುಪ್ರವೇಶ ಪರವಾನಗಿ ಸ್ಥಾನಮಾನವನ್ನು ಕಾಯುತ್ತದೆಯೇ ವಿನಾ ಪೌರತ್ವದ ಈ ಲೆಕ್ಕವನ್ನು ಕಾಯುವುದಿಲ್ಲ. ಮೂರು ಮೂರು ವರ್ಷಗಳ ನಿಯೋಜನೆಗಳಲ್ಲಿ ದೇಶದಿಂದ ದೇಶಕ್ಕೆ ಅಲೆಯುವ ಕುಟುಂಬದ ಪತ್ನಿ ಸಾಮಾನ್ಯ ದಾರಿಯಲ್ಲಿ ಹೋದರೆ ಹತ್ತಾರು ವರ್ಷ ಗ್ರೀನ್ ಕಾರ್ಡಿನಲ್ಲಿಯೇ ಉಳಿಯಬೇಕಾದೀತು.

319(ಬಿ) ಈ ಕಾಯುವಿಕೆಯನ್ನು ಪೂರ್ತಿಯಾಗಿ ತೆಗೆದುಹಾಕುತ್ತದೆ. ಅಮೆರಿಕದ ಪ್ರಜೆಯಾದ ಪತಿ ಅಥವಾ ಪತ್ನಿ ಅಮೆರಿಕ ಸರ್ಕಾರದ ಕೆಲಸದ ಮೇಲೆ ಕನಿಷ್ಠ ಒಂದು ವರ್ಷದ ಅವಧಿಗೆ ವಿದೇಶದಲ್ಲಿ ನಿಯೋಜಿತರಾಗಿದ್ದರೆ, ಅವರ ಸಂಗಾತಿ ಗ್ರೀನ್ ಕಾರ್ಡ್ ದೊರೆತ ಬಳಿಕ ಯಾವುದೇ ನಿರ್ದಿಷ್ಟ ಅವಧಿ ಅಮೆರಿಕದಲ್ಲಿ ವಾಸಿಸದೆಯೇ ಪೌರತ್ವಕ್ಕೆ ಅರ್ಜಿ ಸಲ್ಲಿಸಬಹುದು. ಸರ್ಕಾರವಲ್ಲದೆ, ವಿದೇಶಿ ವ್ಯಾಪಾರದಲ್ಲಿ ತೊಡಗಿರುವ ಅಮೆರಿಕನ್ ಕಂಪನಿಗಳು, ಮಾನ್ಯತೆ ಪಡೆದ ಸಂಶೋಧನಾ ಸಂಸ್ಥೆಗಳು, ಅಮೆರಿಕ ಭಾಗಿಯಾದ ಅಂತರರಾಷ್ಟ್ರೀಯ ಸಂಸ್ಥೆಗಳು, ಧಾರ್ಮಿಕ ಸೇವೆ ಇವೂ ಈ ಕಲಮಿನ ವ್ಯಾಪ್ತಿಗೆ ಬರುತ್ತವೆ. ಗುತ್ತಿಗೆ ಕಂಪನಿಗಳ ನೌಕರರ ಸಂಗಾತಿಗಳು ಈ ಬಾಗಿಲನ್ನು ತಟ್ಟಿ ನೋಡಬಹುದು.

ಷರತ್ತುಗಳಿಲ್ಲವೆಂದಲ್ಲ. ಪೌರತ್ವ ದೊರೆತ ಮೇಲೆ ಸಂಗಾತಿಯೊಂದಿಗೆ ವಿದೇಶದಲ್ಲಿ ವಾಸಿಸುವ ಮತ್ತು ಆ ಉದ್ಯೋಗ ಮುಗಿದೊಡನೆ ಅಮೆರಿಕದಲ್ಲಿ ನೆಲೆಸುವ ಉದ್ದೇಶವನ್ನು ಘೋಷಿಸಬೇಕು. ಸಂದರ್ಶನ ಮತ್ತು ಪ್ರಮಾಣವಚನದ ವೇಳೆ ಖುದ್ದಾಗಿ ಅಮೆರಿಕದಲ್ಲಿ ಇರಬೇಕು. ಸೈನಿಕರ ಸಂಗಾತಿಗಳಿಗೆ ಇರುವ ವಿದೇಶದಲ್ಲಿಯೇ ಪ್ರಮಾಣ ಮಾಡುವ ಸೌಲಭ್ಯ ಇಲ್ಲಿಲ್ಲ. ಇಂಗ್ಲಿಷ್ ಹಾಗೂ ಅಮೆರಿಕದ ಇತಿಹಾಸ, ಆಡಳಿತದ ಪರೀಕ್ಷೆ ಎಲ್ಲರಂತೆ ಇವರಿಗೂ ಇದೆ. ಅರ್ಜಿಯ ನಮೂನೆ ಎಲ್ಲರೂ ತುಂಬುವ ಎನ್-400. ನಿಯೋಜನೆಯ ಆದೇಶವನ್ನು ಅದಕ್ಕೆ ಲಗತ್ತಿಸಬೇಕು. ಸೇನಾ ಕುಟುಂಬಗಳಾದರೆ ಡಿಡಿ-1278 ಎಂಬ ಪ್ರಮಾಣಪತ್ರ ಬೇಕಾಗುತ್ತದೆ. ಮದುವೆ ಪ್ರಮಾಣವಚನದ ದಿನದವರೆಗೂ ಊರ್ಜಿತದಲ್ಲಿರಬೇಕು.

ಕುಟುಂಬಕ್ಕೆ ಅನುಮತಿಯಿಲ್ಲದ ಜಾಗಕ್ಕೆ ನಿಯೋಜನೆಯಾದಾಗ ಜತೆಯಲ್ಲಿ ವಾಸಿಸುವ ಉದ್ದೇಶವನ್ನು ತೋರಿಸುವುದು ಕಷ್ಟ. ಆದ್ದರಿಂದ ಒಟ್ಟಿಗೆ ಹೋಗುವ ನಿಯೋಜನೆ ಬಂದಾಗಲೇ ಅರ್ಜಿ ಹಾಕಿ ಮುಗಿಸುವುದು ಲೇಸು. ಪೌರತ್ವವಿದ್ದರೆ ಇನ್ನೊಂದು ಅನುಕೂಲವೂ ಇದೆ. ಅಮೆರಿಕದ ರಾಯಭಾರ ಕಚೇರಿಗಳಲ್ಲಿ ನೌಕರರ ಕುಟುಂಬದವರಿಗೆಂದೇ ಇರುವ ಹುದ್ದೆಗಳಲ್ಲಿ ಅನೇಕವು ಅಮೆರಿಕದ ಪ್ರಜೆಗಳಿಗೆ ಮಾತ್ರ ಮೀಸಲು. ಓದಿ ಕೆಲಸ ಮಾಡಿದ ಅನುಭವವಿದ್ದೂ ಗ್ರೀನ್ ಕಾರ್ಡಿನ ಕಾರಣಕ್ಕೆ ಮನೆಯಲ್ಲಿ ಕುಳಿತ ಸಂಗಾತಿಗಳಿಗೆ ಇದು ಸಣ್ಣ ಮಾತಲ್ಲ.

ಎನ್-470 ಎಂಬ ನಮೂನೆಯೂ ಒಂದಿದೆ. ಕಾಯಂ ನಿವಾಸಿಯೇ ಸ್ವತಃ ಸರ್ಕಾರದ ಅಥವಾ ಅರ್ಹ ಸಂಸ್ಥೆಯ ಕೆಲಸಕ್ಕೆ ಹೊರಹೋಗುವಾಗ ಪೌರತ್ವದ ನಿರಂತರತೆ ಮುರಿಯದಂತೆ ಕಾಯ್ದುಕೊಳ್ಳಲು ಇದು ನೆರವಾಗುತ್ತದೆ. ಅದಕ್ಕೆ ಮೊದಲು ಒಂದು ವರ್ಷ ಎಡೆಬಿಡದೆ ಅಮೆರಿಕದಲ್ಲಿ ಇದ್ದಿರಬೇಕು. ಒಂದೇ ಮನೆಯಲ್ಲಿರುವ ಪತ್ನಿ ಮತ್ತು ಅವಲಂಬಿತ ಅವಿವಾಹಿತ ಮಕ್ಕಳಿಗೂ ಅದರ ಲಾಭ ದೊರೆಯುತ್ತದೆ. ಆದರೆ ಅದು ಮರುಪ್ರವೇಶ ಪರವಾನಗಿಗೆ ಬದಲಿಯಲ್ಲ.

ಮಕ್ಕಳು: 2019ರ ಆತಂಕ, 2020ರ ಪರಿಹಾರ

2000ದ ಮಕ್ಕಳ ಪೌರತ್ವ ಕಾಯ್ದೆಯ ಪ್ರಕಾರ, 18 ವರ್ಷದೊಳಗಿನ ಮಗು ಗ್ರೀನ್ ಕಾರ್ಡ್ ಪಡೆದು, ಅಮೆರಿಕದ ಪ್ರಜೆಯಾದ ತಂದೆ ಅಥವಾ ತಾಯಿಯ ಆಶ್ರಯದಲ್ಲಿ ಅಮೆರಿಕದಲ್ಲಿ ವಾಸಿಸುತ್ತಿದ್ದರೆ ತಾನಾಗಿಯೇ ಪೌರತ್ವ ಪಡೆಯುತ್ತದೆ. ಹುಟ್ಟಿನಿಂದ ಪೌರತ್ವ ಸಿಗದ ಮಕ್ಕಳಿಗೆ, ಉದಾಹರಣೆಗೆ ದತ್ತು ಮಕ್ಕಳಿಗೆ ಮತ್ತು ಹೆತ್ತವರು ಪೌರತ್ವ ಪಡೆಯುವ ಮೊದಲೇ ಬೇರೆ ದೇಶದಲ್ಲಿ ಹುಟ್ಟಿದವರಿಗೆ, ಇದು ದೊಡ್ಡ ಆಸರೆ. ಸರ್ಕಾರಿ ಕೆಲಸದ ಮೇಲೆ ವಿದೇಶದಲ್ಲಿರುವವರ ಮಕ್ಕಳನ್ನೂ ಅಮೆರಿಕದಲ್ಲಿ ವಾಸಿಸುತ್ತಿರುವವರೆಂದೇ ಎಣಿಸುವ ಪದ್ಧತಿ ಇತ್ತು.

2019ರ ಆಗಸ್ಟ್ 28ರಂದು ಅಮೆರಿಕದ ಪೌರತ್ವ ಮತ್ತು ವಲಸೆ ಸೇವಾ ಇಲಾಖೆ ಈ ಪದ್ಧತಿಯನ್ನು ಕೈಬಿಡುವುದಾಗಿ ಪ್ರಕಟಿಸಿತು. ಅಕ್ಟೋಬರ್ 29ರಿಂದ ಹೊಸ ನೀತಿ ಜಾರಿಗೆ ಬಂತು. ವಿದೇಶದಲ್ಲಿರುವ ಸೈನಿಕರ ಮತ್ತು ಸರ್ಕಾರಿ ನೌಕರರ ಮಕ್ಕಳು ಅಮೆರಿಕದಲ್ಲಿ ವಾಸಿಸುತ್ತಿಲ್ಲ, ಆದ್ದರಿಂದ ಅವರಿಗೆ ತಾನಾಗಿ ಪೌರತ್ವ ಇಲ್ಲ, ಪ್ರತ್ಯೇಕ ಅರ್ಜಿ ಸಲ್ಲಿಸಿ 18 ತುಂಬುವ ಮೊದಲು ಪ್ರಕ್ರಿಯೆ ಮುಗಿಸಿಕೊಳ್ಳಬೇಕು ಎಂಬುದು ಅದರ ಅರ್ಥ. ದೇಶಸೇವೆಗೆ ಹೋದವರ ಮಕ್ಕಳಿಗೆ ಹೀಗಾಯಿತಲ್ಲ ಎಂಬ ಟೀಕೆ ಎರಡೂ ಪಕ್ಷಗಳಿಂದ ಬಂತು. ಕೊನೆಗೆ ಸಂಸತ್ತು ಹೊಸ ಕಾಯ್ದೆ ಮಾಡಿತು. 2020ರ ಮಾರ್ಚ್ 26ರಂದು ಅಧ್ಯಕ್ಷರ ಸಹಿ ಬಿತ್ತು. ಸರ್ಕಾರಿ ನೌಕರಿಯ ಮೇಲೆ ಅಥವಾ ಸೇನಾ ಆದೇಶದ ಮೇಲೆ ವಿದೇಶದಲ್ಲಿರುವ ಪ್ರಜೆಯ ಮಗು, ಗ್ರೀನ್ ಕಾರ್ಡ್ ಹೊಂದಿದ್ದು ಇತರ ಷರತ್ತುಗಳನ್ನು ಪೂರೈಸಿದರೆ, ಅಮೆರಿಕದಲ್ಲಿ ವಾಸಿಸದಿದ್ದರೂ ಪೌರತ್ವ ಪಡೆಯುತ್ತದೆ. ಕಾಯ್ದೆ ಬಂದ ದಿನ 18 ತುಂಬಿರದ ಮಕ್ಕಳಿಂದ ಆರಂಭಿಸಿ ಇದು ಅನ್ವಯ. ಮಗುವಿನ ಹೆಸರಿನಲ್ಲಿ ಪಾಸ್‌ಪೋರ್ಟ್ ಅಥವಾ ಎನ್-600 ಮೂಲಕ ಪೌರತ್ವ ಪ್ರಮಾಣಪತ್ರ ಪಡೆದಿಟ್ಟುಕೊಳ್ಳುವುದು ಉತ್ತಮ.

ಎರಡು ವರ್ಷದ ಕಾರ್ಡ್, ತೆರಿಗೆ

ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಆ ಮದುವೆಯ ಆಧಾರದ ಮೇಲೆ ಕಾಯಂ ನಿವಾಸ ಪಡೆದವರಿಗೆ ದೊರೆಯುವುದು ಎರಡು ವರ್ಷಗಳ ಷರತ್ತುಬದ್ಧ ಕಾರ್ಡ್. ಹತ್ತು ವರ್ಷದ ಕಾರ್ಡಿನಂತಲ್ಲ ಇದು. ಷರತ್ತು ತೆಗೆಸಿಕೊಳ್ಳದಿದ್ದರೆ ಸ್ಥಾನಮಾನವೇ ಕೊನೆಗೊಳ್ಳುತ್ತದೆ. ಅವಧಿ ಮುಗಿಯುವ ಮೊದಲಿನ 90 ದಿನಗಳಲ್ಲಿ ದಂಪತಿ ಜಂಟಿಯಾಗಿ ಐ-751 ಅರ್ಜಿ ಸಲ್ಲಿಸಬೇಕು. ವಿದೇಶದಲ್ಲಿದ್ದುಕೊಂಡೇ ಇದನ್ನು ಸಲ್ಲಿಸಬಹುದು. ಸರ್ಕಾರಿ ಅಥವಾ ಸೇನಾ ಆದೇಶದ ಮೇಲೆ ಹೊರಗಿರುವವರು ಆದೇಶದ ಪ್ರತಿ, ಭಾವಚಿತ್ರ ಮತ್ತು ಬೆರಳಚ್ಚಿನ ಕಾರ್ಡುಗಳನ್ನು ಅರ್ಜಿಯೊಂದಿಗೆ ಕಳುಹಿಸಬೇಕು. ಹೊಸದಾಗಿ ಮದುವೆಯಾಗಿ ಮೊದಲ ನಿಯೋಜನೆಗೆ ಹೊರಟವರು ಈ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು.

ಕಾಯಂ ನಿವಾಸಿಗಳು ಜಗತ್ತಿನ ಯಾವ ಮೂಲೆಯಲ್ಲಿ ಗಳಿಸಿದ ಆದಾಯವನ್ನಾದರೂ ಅಮೆರಿಕದ ತೆರಿಗೆ ವಿವರದಲ್ಲಿ ತೋರಿಸಬೇಕು. ಬೆಂಗಳೂರಿನ ಫ್ಲಾಟಿನ ಬಾಡಿಗೆಯೂ ಅದರೊಳಗೆ ಬರುತ್ತದೆ. ತೆರಿಗೆ ಉಳಿಸಲು ತಾನು ಅನಿವಾಸಿ ಎಂದು ವಿವರ ಸಲ್ಲಿಸುವುದು ಸ್ಥಾನಮಾನಕ್ಕೆ ತಾನೇ ಕೊಡಲಿ ಹಾಕಿಕೊಂಡಂತೆ, ಏಕೆಂದರೆ ನಿವಾಸ ತೊರೆದಿರುವುದಕ್ಕೆ ಅದು ಪ್ರಬಲ ಸಾಕ್ಷ್ಯವಾಗುತ್ತದೆ.

ವಿಮಾನ ನಿಲ್ದಾಣದಲ್ಲಿ ಪ್ರಶ್ನೆ ಎದ್ದರೆ

ಗಡಿ ಅಧಿಕಾರಿಗೆ ಅನುಮಾನ ಬಂದರೆ ಐ-407 ಎಂಬ ನಮೂನೆಯನ್ನು ಮುಂದಿಡುವುದುಂಟು. ಅದು ಕಾಯಂ ನಿವಾಸವನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುವ ಪತ್ರ. ಸಹಿ ಹಾಕಲೇಬೇಕೆಂಬ ಕಡ್ಡಾಯವಿಲ್ಲ. ಸಹಿ ಹಾಕಲು ಒಪ್ಪದೆ, ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಕೋರುವ ಹಕ್ಕು ಕಾಯಂ ನಿವಾಸಿಗೆ ಇದೆ. ಅಲ್ಲಿ ಸ್ಥಾನಮಾನ ತೊರೆದಿದ್ದಾರೆ ಎಂದು ಬಲವಾದ ಸಾಕ್ಷ್ಯಗಳಿಂದ ರುಜುವಾತುಪಡಿಸುವ ಹೊಣೆ ಸರ್ಕಾರದ ಮೇಲಿರುತ್ತದೆ. ದೀರ್ಘ ಪ್ರಯಾಣದ ಆಯಾಸದಲ್ಲಿ, ಮಕ್ಕಳನ್ನು ಕಟ್ಟಿಕೊಂಡು ನಿಂತಿರುವಾಗ, ಓದದೆ ಹಾಕಿದ ಒಂದು ಸಹಿ ವರ್ಷಗಳ ಶ್ರಮವನ್ನು ಅಳಿಸಬಲ್ಲದು.

ವಿದೇಶದಲ್ಲಿದ್ದಾಗಲೇ ಎಲ್ಲ ಗಡುವುಗಳೂ ಮೀರಿಹೋಗಿದ್ದರೆ ಎಸ್‌ಬಿ-1 ಎಂಬ ಮರಳುವ ನಿವಾಸಿಯ ವೀಸಾಕ್ಕೆ ಅಮೆರಿಕದ ದೂತಾವಾಸದಲ್ಲಿ ಅರ್ಜಿ ಹಾಕಬಹುದು. ಹೊರಡುವಾಗ ಮರಳುವ ಉದ್ದೇಶವಿತ್ತು, ಆ ಉದ್ದೇಶವನ್ನು ಎಂದೂ ಬಿಡಲಿಲ್ಲ, ತಡವಾದದ್ದು ತನ್ನ ಕೈಮೀರಿದ ಕಾರಣದಿಂದ ಎಂಬ ಮೂರನ್ನೂ ದಾಖಲೆಗಳೊಂದಿಗೆ ತೋರಿಸಬೇಕು. ಅದೂ ದೊರೆಯದಿದ್ದರೆ ಪತಿ ಮತ್ತೆ ಮೊದಲಿನಿಂದ ಪ್ರಾಯೋಜಕತ್ವದ ಅರ್ಜಿ ಹಾಕಬೇಕಾಗುತ್ತದೆ.

ಭಾರತದ ಕಡೆಯ ಲೆಕ್ಕ

319(ಬಿ) ಅಡಿ ಅಮೆರಿಕದ ಪೌರತ್ವ ಪಡೆದ ಕ್ಷಣದಲ್ಲಿ ಭಾರತದ 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ ಭಾರತೀಯ ಪೌರತ್ವ ಕೊನೆಗೊಳ್ಳುತ್ತದೆ. ಎರಡೂ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ. ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ ಸರೆಂಡರ್ ಪ್ರಮಾಣಪತ್ರ ಪಡೆಯಬೇಕು, ಬಳಿಕ ಸಾಗರೋತ್ತರ ಭಾರತೀಯ ಪ್ರಜೆ ಅಂದರೆ ಓಸಿಐ ಕಾರ್ಡಿಗೆ ಅರ್ಜಿ ಹಾಕಬಹುದು. ಮತದಾನದ ಹಕ್ಕು ಹೋಗುತ್ತದೆ. ಊರಿನ ಜಮೀನು ಕೈತಪ್ಪುತ್ತದೆ ಎಂಬ ಭಯ ಮಾತ್ರ ಉತ್ಪ್ರೇಕ್ಷೆಯದು. ಕೃಷಿಭೂಮಿ, ತೋಟ ಖರೀದಿಸಲು ಓಸಿಐ ಹೊಂದಿದವರಿಗೆ ಅವಕಾಶವಿಲ್ಲ ನಿಜ. ಆದರೆ ಭಾರತೀಯ ಪಾಸ್‌ಪೋರ್ಟ್ ಹೊಂದಿರುವ ಅನಿವಾಸಿಗಳಿಗೂ ವಿದೇಶಿ ವಿನಿಮಯ ನಿಯಮದಂತೆ ಆ ಅವಕಾಶವಿಲ್ಲ. ವಂಶಪಾರಂಪರ್ಯವಾಗಿ ಬಂದ ಹಾಸನದ ಕಾಫಿ ತೋಟವನ್ನೋ ಶಿವಮೊಗ್ಗದ ಅಡಕೆ ತೋಟವನ್ನೋ ಇಬ್ಬರೂ ಉಳಿಸಿಕೊಳ್ಳಬಹುದು.

ಸೇನಾ ಕುಟುಂಬಗಳಿಗೆ ಇಲ್ಲೊಂದು ತೊಡಕಿದೆ. ವಿದೇಶಿ ಸೇನೆಯಲ್ಲಿ ಸೇವೆಯಲ್ಲಿರುವವರು ಮತ್ತು ನಿವೃತ್ತರು ಓಸಿಐ ಪಡೆಯಲು ಅರ್ಹರಲ್ಲ. ಹೀಗಾಗಿ ಬೆಂಗಳೂರಿನಲ್ಲಿ ಹುಟ್ಟಿದ ಪತ್ನಿ ತನ್ನ ಮೂಲದ ಆಧಾರದ ಮೇಲೆ ಓಸಿಐ ಕಾರ್ಡಿಗೆ ಅರ್ಜಿ ಹಾಕಬಹುದಾದರೂ, ಆಕೆಯಷ್ಟೇ ಕನ್ನಡಿಗನಾದ ಪತಿ ಅಮೆರಿಕದ ಸೇನೆಯಲ್ಲಿದ್ದರೆ ಅತ್ತೆಮನೆಗೆ ಬರಲು ಪ್ರತಿಬಾರಿಯೂ ವೀಸಾವನ್ನೇ ನೆಚ್ಚಿಕೊಳ್ಳಬೇಕು.